ಆವು ಎಂಬ ಮನೆಮಾತು



ಇವತ್ತಿನ ಹೊತ್ತನ್ನು ಒಂದೇ ಒಂದು ಮಾತಿಗೆ ಮೀಸಲಿಡೋಣ. ಎರಡೇ ಅಕ್ಷರದ ಮಾತು ಅದು: ಆವು.

ಬೆಳಿಗ್ಗೆ ಎದ್ದು ಬತ್ತಲಗುಂಡಿನ ಬೀದಿಯಲ್ಲಿ ಹಾಲಿನ ಪ್ಯಾಕೆಟ್ ಕೊಳ್ಳುತ್ತೀರಿ. ಅದರ ಮೇಲೆ ತಮಿಳಿನಲ್ಲಿ ‘ಆವಿನ್’ ಎಂದು ಅಚ್ಚಾಗಿರುತ್ತದೆ. ತಮಿಳುನಾಡಿನ ಹಾಲು ಉತ್ಪಾದಕರ ಸಹಕಾರಿ ಒಕ್ಕೂಟ ತನ್ನ ಹಾಲಿಗೆ ಇಟ್ಟುಕೊಂಡ ಹೆಸರು ಅದು. ಮನೆಯ ಮಗುವನ್ನು ಕೇಳಿ ನೋಡಿ, ಆವಿನ್ ಅಂದರೇನು ಅಂತ. ‘ಅದು ಕಂಪೆನಿ ಹೆಸರು’ ಅನ್ನುತ್ತದೆ. ಅಲ್ಲ. ಹಳೆಯ ತಮಿಳಿನಲ್ಲಿ ‘ಆ’ ಅಂದರೆ ಹಸು. ‘ಆವಿನ್’ ಅಂದರೆ ಹಸುವಿನ. ‘ಆವಿನ್ ಪಾಲ್’ ಅಂದರೆ ಹಸುವಿನ ಹಾಲು.

ಈಗ ಅದನ್ನೇ ಕನ್ನಡದಲ್ಲಿ ಬಾಯಿಬಿಟ್ಟು ಹೇಳಿ: ಆವಿನ ಹಾಲು. ನೋಡಿದಿರಾ? ಒಂದು ‘ಪ’ ಹೋಗಿ ‘ಹ’ ಬಂತು, ಕೊನೆಯಲ್ಲಿ ಒಂದು ಉಕಾರ ಕೂಡಿಕೊಂಡಿತು, ಅಷ್ಟೇ. ಮಿಕ್ಕಿದ್ದೆಲ್ಲ ಹಾಗೆಯೇ ಉಳಿಯಿತು.

ಇಷ್ಟು ಹತ್ತಿರದ ಮಾತಾದರೂ ನಮ್ಮ ಮನೆಯ ಮಗು ಬಾಯಿ ತಪ್ಪಿ ಹೊರಗೆ ‘ಆವು’ ಅಂದರೆ ಏನಾಗುತ್ತದೆ? ಶಾಲೆಯಲ್ಲಿ ‘ಮಾಡು ಅನ್ನು, ಅದೇ ಸರಿಯಾದ ತಮಿಳು’ ಎಂದು ತಿದ್ದುತ್ತಾರೆ. ಬೆಂಗಳೂರು ಕಡೆಯ ನೆಂಟರು ಬಂದರೆ ‘ಆವು ಅಂದರೆ ಯಾವ ಕನ್ನಡ? ಹಸು ಅನ್ನಪ್ಪ’ ಎಂದು ನಗುತ್ತಾರೆ. ಪಕ್ಕದ ಬೀದಿಯ ತೆಲುಗು ಮನೆಯವರು ‘ಅದು ನಮ್ಮ ಮಾತಲ್ಲವೇ, ನಿಮಗೆ ಎಲ್ಲಿಂದ ಬಂತು?’ ಎನ್ನುತ್ತಾರೆ. ಮೂರು ಕಡೆಯಿಂದಲೂ ಒಂದೇ ತೀರ್ಪು: ಈ ಮಾತು ನಿನ್ನದಲ್ಲ. ಮಗು ಸುಮ್ಮನಾಗುತ್ತದೆ. ಮುಂದಿನ ಸಲ ಆ ಮಾತನ್ನು ಆಡುವುದೇ ಇಲ್ಲ. ಒಂದು ಮಾತು ಒಂದು ಮನೆಯಿಂದ ಹೊರಟುಹೋಗುವುದು ಹೀಗೆ, ಸದ್ದಿಲ್ಲದೆ.

ಆದ್ದರಿಂದ ಕೇಳಲೇಬೇಕಾದ ಪ್ರಶ್ನೆ ಇದು. ‘ಆವು’ ಎಂಬುದು ಕೆಟ್ಟುಹೋದ ತಮಿಳೇ? ತೆಲುಗಿನಿಂದ ತಂದ ಸಾಲವೇ? ಅಥವಾ ನಮ್ಮದೇ ಸೊತ್ತೇ?

ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. ಕಿವಿಗೆ ಒಂದೇ ಥರ ಕೇಳಿದ ಮಾತ್ರಕ್ಕೆ ಎರಡು ಮಾತು ನೆಂಟರಾಗುವುದಿಲ್ಲ. ನಮ್ಮ ಊರ ಹೆಸರನ್ನೇ ತೆಗೆದುಕೊಳ್ಳಿ. ಕನ್ನಡದ ಕಿವಿಗೆ ‘ಬತ್ತಲಗುಂಡು’ ಅಂದರೆ ಬತ್ತಲೆಯಾಗಿ ನಿಂತ ಗುಂಡುಕಲ್ಲು. ನೆಂಟರು ನಗುವುದಕ್ಕೆ ಅದೂ ಒಂದು ಕಾರಣ. ತಮಿಳಿನಲ್ಲಿ ಊರಿಗೆ ‘ವತ್ತಲಕುಂಡು’ ಅನ್ನುತ್ತಾರೆ. ‘ವೆಟ್ರಿಲೈ’, ಅಂದರೆ ವೀಳ್ಯದೆಲೆ, ಬೆಳೆಯುತ್ತಿದ್ದ ಜಾಗವಾದ್ದರಿಂದ ಆ ಹೆಸರು ಬಂತೆಂದು ಊರವರ ಮಾತು. ಬತ್ತಲೆಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಹಾಗಾದರೆ ನಿಜವಾದ ನೆಂಟಸ್ತನವನ್ನು ಗುರುತಿಸುವುದು ಹೇಗೆ?

ಅದಕ್ಕೆ ಒಂದು ಲೆಕ್ಕವಿದೆ. ಎರಡೂ ಭಾಷೆ ಬಲ್ಲ ನಿಮಗೆ ಅದು ಬಹಳ ಸುಲಭ. ತಮಿಳಿನಲ್ಲಿ ಮೊದಲಿಗೆ ‘ಪ’ ಬಂದ ಕಡೆ ಕನ್ನಡದಲ್ಲಿ ‘ಹ’ ಬರುತ್ತದೆ: ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪಲ್ ಹಲ್ಲಾಯಿತು. ಕನ್ನಡದಲ್ಲೂ ಮೊದಲು ‘ಪ’ವೇ ಇತ್ತು, ಸುಮಾರು ಸಾವಿರ ವರ್ಷದ ಹಿಂದೆ ಅದು ‘ಹ’ ಆಗತೊಡಗಿತು. ತುಂಗಭದ್ರೆಯ ದಡದ ಪಂಪೆ ಹಂಪೆಯಾದದ್ದು ಹಾಗೆಯೇ. ತಮಿಳಿನಲ್ಲಿ ‘ವ’ ಇದ್ದ ಕಡೆ ಕನ್ನಡದಲ್ಲಿ ‘ಬ’: ವಾ ಎಂದರೆ ಬಾ, ವಾಯ್ ಎಂದರೆ ಬಾಯಿ, ವೇರ್ ಎಂದರೆ ಬೇರು, ವೇಲಿ ಎಂದರೆ ಬೇಲಿ. ಒಂದೆರಡು ಮಾತಿನಲ್ಲಿ ಹೀಗಾದರೆ ಆಕಸ್ಮಿಕ ಅನ್ನಬಹುದು. ನೂರಾರು ಮಾತಿನಲ್ಲಿ ಸಾಲಾಗಿ ಹೀಗೇ ಆದರೆ ಅದು ಆಕಸ್ಮಿಕವಲ್ಲ, ಅದೊಂದು ನಿಯಮ.

ಈಗ ‘ಆ’ ಎಂಬ ಮಾತನ್ನು ನೋಡಿ. ಅದರ ಮೊದಲಿಗೆ ವ್ಯಂಜನವೇ ಇಲ್ಲ. ಬರೀ ಸ್ವರ. ಬದಲಾಗುವುದಕ್ಕೆ ಅಲ್ಲಿ ಏನೂ ಇಲ್ಲ. ಅದಕ್ಕೇ ಅದು ತಮಿಳು, ಮಲಯಾಳ, ಕನ್ನಡ, ತೆಲುಗು ನಾಲ್ಕರಲ್ಲೂ ಹೆಚ್ಚು ಕೆಡದೆ ಉಳಿದುಕೊಂಡಿತು. ಹಾಗಾದರೆ ಕೊನೆಯ ‘ವು’ ಎಲ್ಲಿಂದ ಬಂತು? ಹೂವನ್ನು ನೆನೆದುಕೊಳ್ಳಿ. ತಮಿಳಿನ ‘ಪೂ’ ಕನ್ನಡದಲ್ಲಿ ‘ಹೂವು’ ಆಯಿತು. ಹಾಗೆಯೇ ‘ಆ’ ಎಂಬುದು ‘ಆವು’ ಆಯಿತು. ತಮಿಳಿನಲ್ಲಿ ಪೂವಿನ್, ಆವಿನ್. ಕನ್ನಡದಲ್ಲಿ ಹೂವಿನ, ಆವಿನ. ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿದೆ. ‘ಹೂವು ಕೆಟ್ಟುಹೋದ ತಮಿಳು’ ಎಂದು ಯಾರೂ ಅನ್ನುವುದಿಲ್ಲವಲ್ಲ. ಹಾಗಿದ್ದ ಮೇಲೆ ‘ಆವು’ ಯಾಕೆ ಕೆಟ್ಟ ತಮಿಳಾಗಬೇಕು? ತೆಲುಗಿನ ‘ಆವು’ ಕೂಡ ಅದೇ ಬೇರಿನ ಇನ್ನೊಂದು ಚಿಗುರು. ಒಂದೇ ತಾಯಿಯ ಮಕ್ಕಳಲ್ಲಿ ಒಂದೇ ಮೂಗು ಕಂಡರೆ ಯಾರ ಮೂಗನ್ನು ಯಾರು ಕದ್ದರು ಎಂದು ಕೇಳುತ್ತೇವೆಯೇ?

ಈ ಭಾಷೆಗಳು ತಾಯಿ ಮಗಳಲ್ಲ, ಅಕ್ಕ ತಂಗಿಯರು ಎಂದು ದೊಡ್ಡ ಗ್ರಂಥ ಬರೆದು ತೋರಿಸಿದವರು ರಾಬರ್ಟ್ ಕಾಲ್ಡ್‌ವೆಲ್ ಎಂಬ ಪಾದ್ರಿ. ಅವರಿಗೂ ಮೊದಲೇ, 1816ರಲ್ಲಿ, ಮದರಾಸಿನಲ್ಲಿ ಅಧಿಕಾರಿಯಾಗಿದ್ದ ಎಲ್ಲಿಸ್ ಎಂಬವರು ಈ ನೆಂಟಸ್ತನವನ್ನು ಗುರುತಿಸಿದ್ದರು. ಕಾಲ್ಡ್‌ವೆಲ್ಲರ ‘ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ’ ಹೊರಬಂದದ್ದು 1856ರಲ್ಲಿ. ಅವರು ಬಹುಕಾಲ ಬಾಳಿದ ಊರು ತಿರುನೆಲ್ವೇಲಿ ಸೀಮೆಯ ಇಡೈಯನ್‌ಕುಡಿ, ಅಂದರೆ ದನ ಕಾಯುವವರ ಊರು. 1891ರಲ್ಲಿ ತೀರಿಕೊಂಡದ್ದು ನಮ್ಮ ತಲೆಯ ಮೇಲೇ, ಬತ್ತಲಗುಂಡಿನಿಂದ ಘಾಟಿ ಹತ್ತಿದರೆ ಸಿಗುವ ಕೊಡೈಕಾನಲ್‌ನಲ್ಲಿ. ಹುಟ್ಟಿದ್ದು 1814ರಲ್ಲಿ, ದೂರದ ಐರ್ಲೆಂಡಿನಲ್ಲಿ.

ಐರ್ಲೆಂಡಿನ ಹೆಸರು ಬಂದದ್ದು ಒಳ್ಳೆಯದೇ ಆಯಿತು. ನಮ್ಮ ಆವಿನ ಕಥೆಗೆ ಸರಿಜೋಡಿಯಾದ ಕಥೆ ಆ ದೇಶದಲ್ಲಿದೆ. ಅಲ್ಲಿನ ಹಳೆಯ ಭಾಷೆ ಐರಿಷ್. ಅದರಲ್ಲಿ ಹಸುವಿಗೆ ‘ಬೋ’ ಎನ್ನುತ್ತಾರೆ. ಈ ‘ಬೋ’ ಬೇರೆ ಯಾರೂ ಅಲ್ಲ, ನಾವು ಪೂಜೆಯ ಹೊತ್ತಿನಲ್ಲಿ ಹೇಳುವ ‘ಗೋವು’ ಅದರ ಸ್ವಂತ ತಂಗಿ. ಸಂಸ್ಕೃತದ ಗೋ, ಇಂಗ್ಲಿಷಿನ ಕೌ, ಐರಿಷಿನ ಬೋ, ಮೂರೂ ಒಂದೇ ಬೇರಿನಿಂದ ಬಂದವು. ಆ ಮನೆತನ ಬೇರೆ, ನಮ್ಮ ‘ಆವು’ ಎಂಬುದರ ಮನೆತನ ಬೇರೆ. ಆದರೆ ಹಸುವಿನ ಹೆಸರು ಒಂದು ಭಾಷೆಯ ಒಳಗೆ ಎಷ್ಟು ದೂರ ಮೇಯಬಲ್ಲದು ಎಂಬುದಕ್ಕೆ ಐರಿಷಿನಷ್ಟು ಚೆನ್ನಾದ ಉದಾಹರಣೆ ಇನ್ನೊಂದಿಲ್ಲ.

ಐರಿಷಿನಲ್ಲಿ ರಸ್ತೆಗೆ ‘ಬೋಹರ್’ ಎನ್ನುತ್ತಾರೆ. ಅದರೊಳಗೆ ‘ಬೋ’ ಕೂತಿದೆ, ಅದು ಹಸುವಿನ ದಾರಿ. ಸುಮಾರು ಸಾವಿರದ ನೂರು ವರ್ಷದ ಹಿಂದಿನ ಒಂದು ಐರಿಷ್ ನಿಘಂಟು ಆ ರಸ್ತೆಯ ಅಗಲವನ್ನೂ ಹಸುವಿನಿಂದಲೇ ಅಳೆಯುತ್ತದೆ: ಒಂದು ಹಸು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ ನಿಲ್ಲುವಷ್ಟು ಜಾಗ ಇರಬೇಕು. ಹುಡುಗನಿಗೆ ‘ಬೂಅಖಿಲ್’ ಎನ್ನುತ್ತಾರೆ. ಅದರ ಮೊದಲ ಅರ್ಥ ದನ ಕಾಯುವವನು. ಹಳ್ಳಿಯಲ್ಲಿ ಹುಡುಗರ ಕೆಲಸ ದನ ಕಾಯುವುದೇ ಆಗಿದ್ದರಿಂದ ಬರಬರುತ್ತ ಹುಡುಗರಿಗೆಲ್ಲ ಅದೇ ಹೆಸರಾಯಿತು. ಐರ್ಲೆಂಡಿನ ಅತಿ ದೊಡ್ಡ ವೀರಕಥೆಯ ಹೆಸರಿನಲ್ಲೂ ಹಸುವಿದೆ: ‘ತಾಯ್ನ್ ಬೋ ಕೂಲಿಂಗೆ’. ‘ತಾಯ್ನ್ ಬೋ’ ಅಂದರೆ ದನಗಳನ್ನು ಹೊಡೆದುಕೊಂಡು ಹೋಗುವುದು. ಮೇವ್ ಎಂಬ ರಾಣಿ, ಆಲಿಲ್ ಎಂಬ ಅವಳ ಗಂಡ. ನಿನ್ನ ಆಸ್ತಿ ಹೆಚ್ಚೋ ನನ್ನ ಆಸ್ತಿ ಹೆಚ್ಚೋ ಎಂದು ಇಬ್ಬರೂ ಲೆಕ್ಕಕ್ಕೆ ಕೂತರಂತೆ. ಎಲ್ಲವೂ ಸಮ, ಒಂದು ಹೋರಿ ಮಾತ್ರ ಗಂಡನ ಕಡೆ ಹೆಚ್ಚು. ಅದಕ್ಕೆ ಸಮನಾದ ಹೋರಿಯನ್ನು ತರಲು ರಾಣಿ ಪಕ್ಕದ ನಾಡಿನ ಮೇಲೆ ದಂಡೆತ್ತಿ ಹೋದಳು. ಒಂದು ಹೋರಿಗಾಗಿ ನಡೆದ ಯುದ್ಧವೇ ಆ ಕಥೆ.

‘ಇದೇನು ವಿಚಿತ್ರ’ ಎಂದು ನಗಬೇಡಿ. ನಮ್ಮ ಹಿರಿಯರೂ ಅದನ್ನೇ ಮಾಡಿದರು. ಕನ್ನಡದಲ್ಲಿ ದನಕ್ಕೆ ‘ತುರು’ ಎಂಬ ಇನ್ನೊಂದು ಹಳೆಯ ಹೆಸರಿದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ‘ತುರುಗಾಹಿ ರಾಮಣ್ಣ’ ಎಂಬವರಿದ್ದರು. ತುರುಗಾಹಿ ಅಂದರೆ ದನ ಕಾಯುವವನು. ಶತ್ರುಗಳು ಬಂದು ದನ ಹೊಡೆದುಕೊಂಡು ಹೋಗುವುದಕ್ಕೆ ‘ತುರುಗೊಳ್’ ಎಂದು ಹೆಸರು. ತುರುಗಳನ್ನು ಬಿಡಿಸಲು ಹೋಗಿ ಸತ್ತವನಿಗೆ ಊರವರು ವೀರಗಲ್ಲು ನಿಲ್ಲಿಸುತ್ತಿದ್ದರು. ಕರ್ನಾಟಕದ ಹಳ್ಳಿಹಳ್ಳಿಯಲ್ಲೂ ಅಂಥ ಕಲ್ಲುಗಳಿವೆ. ಧರ್ಮಪುರಿ, ಚೆಂಗಂ ಕಡೆಯ ತಮಿಳು ವೀರಗಲ್ಲುಗಳಲ್ಲಿ ಅದೇ ಮಾತು ‘ತೊರು’ ಎಂದಿದೆ.

ಆದರೆ ಎಲ್ಲಕ್ಕಿಂತ ಹಳೆಯ ಕಲ್ಲು ಸಿಕ್ಕಿದ್ದು ಎಲ್ಲಿ ಗೊತ್ತೇ? ನಮ್ಮ ಪಕ್ಕದಲ್ಲೇ. ತೇನಿ ಜಿಲ್ಲೆಯ ಆಂಡಿಪಟ್ಟಿ ತಾಲ್ಲೂಕಿನಲ್ಲಿ ವೈಗೈ ಹೊಳೆಯ ಹತ್ತಿರ ಪುಲಿಮಾನ್‌ಕೊಂಬೈ ಎಂಬ ಹಳ್ಳಿಯಿದೆ. 2006ರಲ್ಲಿ ತಂಜಾವೂರಿನ ತಮಿಳು ವಿಶ್ವವಿದ್ಯಾಲಯದವರಿಗೆ ಅಲ್ಲಿ ಮೂರು ಕಲ್ಲುಗಳು ಸಿಕ್ಕಿದವು. ಅವುಗಳ ಮೇಲೆ ತಮಿಳು ಬ್ರಾಹ್ಮಿ ಲಿಪಿಯ ಬರಹವಿತ್ತು. ಎರಡು ಸಾವಿರ ವರ್ಷಕ್ಕೂ ಹಿಂದಿನ ಕಲ್ಲುಗಳು ಅವು. ಅವುಗಳಲ್ಲೊಂದು, ಕೂಡಲೂರಿನ ದನಗಳ ಕಾಳಗದಲ್ಲಿ ಸತ್ತ ಒಬ್ಬ ವೀರನ ನೆನಪಿನ ಕಲ್ಲು. ಅದರ ಮೇಲಿನ ಮಾತು ‘ಆಕೋಳ್’. ಬಿಡಿಸಿ ಓದಿ: ಆ ಎಂದರೆ ಹಸು, ಕೋಳ್ ಎಂದರೆ ಕೊಳ್ಳುವುದು, ಹಿಡಿಯುವುದು. ತಮಿಳಿನ ತೊಲ್ಕಾಪ್ಪಿಯಂ ಎಂಬ ಹಳೆಯ ವ್ಯಾಕರಣದಲ್ಲಿ ಈ ಮಾತಿತ್ತು. ಈಗ ಕಲ್ಲಿನ ಮೇಲೂ ಕಂಡಿತು.

ಆಕೋಳ್, ತುರುಗೊಳ್, ತಾಯ್ನ್ ಬೋ. ಮೂರು ಭಾಷೆ, ಒಂದೇ ಬದುಕು. ಕಾಸಿಲ್ಲದ ಕಾಲದಲ್ಲಿ ದನವೇ ಕಾಸು. ನಾವು ಆಡುವ ‘ದನ’ ಎಂಬ ಮಾತು ಸಂಸ್ಕೃತದ ‘ಧನ’ದಿಂದ ಬಂದದ್ದು, ಅಂದರೆ ಸಂಪತ್ತು. ತಮಿಳಿನ ‘ಮಾಡು’ ಎಂಬುದಕ್ಕೂ ಸಂಪತ್ತು ಎಂಬ ಅರ್ಥವಿದೆ. ತಿರುಕ್ಕುರಳಿನಲ್ಲಿ ವಿದ್ಯೆಯೇ ನಿಜವಾದ ಸಂಪತ್ತು ಎಂದು ಹೇಳುವಾಗ ವಳ್ಳುವರು ಬಳಸಿದ್ದು ಆ ಮಾತನ್ನೇ. ಇನ್ನು ಬೆಂಗಳೂರಿನ ನೆಂಟರು ಶುದ್ಧ ಕನ್ನಡವೆಂದು ಹೇಳಿಕೊಟ್ಟ ‘ಹಸು’? ಅದು ಸಂಸ್ಕೃತದ ‘ಪಶು’. ಹಳಗನ್ನಡದಲ್ಲಿ ‘ಪಸು’ ಆಗಿ, ಆಮೇಲೆ ‘ಹಸು’ ಆಯಿತು. ಒಳ್ಳೆಯ ಮಾತೇ, ನಮ್ಮದೇ ಆಗಿಹೋದ ಮಾತು. ಆದರೆ ಹುಟ್ಟಿನ ಲೆಕ್ಕ ಹಾಕಿದರೆ ನಿಮ್ಮ ಮನೆಯ ‘ಆವು’ ಅದಕ್ಕಿಂತ ಹಿರಿಯದು. ಧಾರವಾಡ ಕಡೆಯವರು ಆಡುವ ‘ಆಕಳು’ ಎಂಬುದರಲ್ಲೂ ಅದೇ ‘ಆ’ ಕೂತಿದೆ. ಕರ್ನಾಟಕದ ದಿನಬಳಕೆಯಲ್ಲಿ ‘ಆವು’ ಹಿಂದೆ ಸರಿದು ಹಳೆಯ ಕಾವ್ಯಗಳಲ್ಲಿ ಉಳಿಯಿತು.

ನಮ್ಮ ಕಂಬಂ ಕಣಿವೆಯಲ್ಲಿ ಮಾತ್ರ ಅದು ಗಂಟೆ ಕಟ್ಟಿಕೊಂಡು ಓಡಾಡುತ್ತಿತ್ತು. ಹೇಗೆ ಅನ್ನುತ್ತೀರಾ? ಕೇಳಿ.

ಕಪ್ಪಿಲಿಯರು, ಅನುಪರು, ಒಕ್ಕಲಿಗರು, ಮಗ್ಗದ ದೇವಾಂಗದವರು ಎಂದು ಕನ್ನಡ ಮನೆಮಾತಿನವರು ಈ ಸೀಮೆಯಲ್ಲಿ ತಲೆತಲಾಂತರದಿಂದ ಇದ್ದಾರೆ. ತುಂಗಭದ್ರೆಯ ದಡದಿಂದ ಬಂದೆವು, ಹೊಳೆಯ ಎರಡು ದಡದ ಹೊಂಗೆಮರಗಳು ಬಾಗಿ ನಮಗೆ ಸೇತುವೆಯಾದವು ಎಂಬ ಥರದ ಕಥೆಗಳನ್ನು ಹಿರಿಯರು ಹೇಳುತ್ತಿದ್ದರು. ಹೀಗೆ ಬಂದವರು ದನಗಳನ್ನೂ ಹೊಡೆದುಕೊಂಡು ಬಂದರು. ಕಂಬದಲ್ಲಿ ಒಂದು ದೇವರ ಹಿಂಡು ಇದೆ. 1906ರಲ್ಲಿ ಮಧುರೆ ಜಿಲ್ಲೆಯ ಗೆಜೆಟಿಯರ್ ಬರೆದ ಫ್ರಾನ್ಸಿಸ್ ಎಂಬ ಅಧಿಕಾರಿ ಆ ಹಿಂಡಿನ ವಿಷಯವನ್ನು ಬರೆದಿಟ್ಟಿದ್ದಾರೆ. ತಮಿಳಿನಲ್ಲಿ ಅದಕ್ಕೆ ‘ತಂಬಿರಾನ್ ಮಾಡು’ ಎಂದು ಹೆಸರು. ಕನ್ನಡದಲ್ಲಿ ಹೆಸರು ಏನು ಗೊತ್ತೇ? ‘ದೇವರು ಆವು’. ಹಿಂಡಿನ ಹಾಲನ್ನು ಕರೆಯುತ್ತಿರಲಿಲ್ಲ, ಅದು ದೇವರದು. ಹಿಂಡಿಗೆ ಒಬ್ಬ ರಾಜನಿದ್ದ, ಅವನಿಗೆ ‘ಪಟ್ಟದ ಆವು’ ಎಂದು ಹೆಸರು. ರಾಜ ಸತ್ತರೆ ಹೊಸ ರಾಜನನ್ನು ಮನುಷ್ಯರು ಆರಿಸುತ್ತಿರಲಿಲ್ಲ. ಒಳ್ಳೆಯ ದಿನ ನೋಡಿ ಹಿಂಡಿನ ಮುಂದೆ ಕಬ್ಬಿನ ಕಟ್ಟು ಇಡುತ್ತಿದ್ದರು. ಯಾವ ಹೋರಿ ಮುಂದೆ ಬಂದು ಮೊದಲು ಬಾಯಿ ಹಾಕುತ್ತದೋ ಅದಕ್ಕೇ ಪಟ್ಟ.

ಇಲ್ಲಿ ಒಂದು ಸೂಕ್ಷ್ಮ ಗಮನಿಸಿ. ಪುಸ್ತಕದಲ್ಲಿ ‘ಆವು’ ಅಂದರೆ ಹೆಣ್ಣು. ಕಂಬದ ಕನ್ನಡದಲ್ಲಿ ಪಟ್ಟ ಕಟ್ಟಿಸಿಕೊಂಡ ಹೋರಿಯೂ ಆವೇ. ಅಂದರೆ ಆ ಮಾತು ಇಲ್ಲಿ ಸುಮ್ಮನೆ ಕೂತಿರಲಿಲ್ಲ, ಬೆಳೆಯುತ್ತಿತ್ತು. ಹೆಣ್ಣು ಗಂಡು ಎನ್ನದೆ ಇಡೀ ಹಿಂಡನ್ನೇ ತನ್ನೊಳಗೆ ಕರೆದುಕೊಂಡಿತು. ಪುಸ್ತಕದಿಂದ ಕಲಿತ ಮಾತು ಹೀಗೆ ಬೆಳೆಯುವುದಿಲ್ಲ. ಬಾಯಲ್ಲಿ ಇದ್ದ ಮಾತಿಗೆ ಮಾತ್ರ ಆ ಶಕ್ತಿ.

ಇಂದಿಗೂ ಮಾಟ್ಟುಪ್ಪೊಂಗಲ್ ದಿನ ಕಂಬದ ನಂದಗೋಪಾಲಸ್ವಾಮಿಯ ದನದ ತೊಳುವಿಗೆ ಜನ ಸೇರುತ್ತಾರೆ. ಕಾಲ ಮಾತ್ರ ದನದ ಕಡೆ ಇಲ್ಲ. ಇಲ್ಲಿನ ಮಲೆಯ ದನಗಳಿಗೆ ಬೆಟ್ಟವೇ ಮೇವಿನ ಮನೆ. 2021ರಲ್ಲಿ ಶ್ರೀವಿಲ್ಲಿಪುತ್ತೂರು–ಮೇಘಮಲೈ ಹುಲಿ ಸಂರಕ್ಷಿತ ಪ್ರದೇಶವಾಯಿತು. 2022ರಲ್ಲಿ ಮದರಾಸು ಹೈಕೋರ್ಟು ತಮಿಳುನಾಡಿನ ಕಾಡುಗಳಲ್ಲಿ ದನ ಮೇಯಿಸಬಾರದೆಂದು ಆದೇಶ ಮಾಡಿ, ಬಳಿಕ ಆ ನಿಷೇಧವನ್ನು ಹುಲಿ ಸಂರಕ್ಷಿತ ಪ್ರದೇಶ, ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳಿಗೆ ಸೀಮಿತಗೊಳಿಸಿತು. ಹುಲಿಗೂ ಕಾಡು ಬೇಕು, ದನಕ್ಕೂ ಹುಲ್ಲು ಬೇಕು. ಆ ವ್ಯಾಜ್ಯ ಇವತ್ತಿನ ವಿಷಯವಲ್ಲ. ಆದರೆ ಹಟ್ಟಿಯಲ್ಲಿ ದನ ಇಲ್ಲದ ಮನೆಯಲ್ಲಿ ದನದ ಮಾತುಗಳೂ ಹೆಚ್ಚು ದಿನ ನಿಲ್ಲುವುದಿಲ್ಲ ಎಂಬುದನ್ನು ನೆನಪಿಡಬೇಕು.

ಇಲ್ಲಿ ಐರ್ಲೆಂಡಿನವರು ನಮಗೊಂದು ಪಾಠ ಹೇಳಬಲ್ಲರು. 1845ರಲ್ಲಿ ಅಲ್ಲಿ ಆಲೂಗಡ್ಡೆಗೆ ರೋಗ ಬಿದ್ದು ಮಹಾ ಕ್ಷಾಮ ಬಂತು. ಲಕ್ಷಾಂತರ ಜನ ಸತ್ತರು, ಲಕ್ಷಾಂತರ ಜನ ಹಡಗು ಹತ್ತಿದರು. ಹೆಚ್ಚು ಪೆಟ್ಟು ಬಿದ್ದದ್ದು ಐರಿಷ್ ಆಡುತ್ತಿದ್ದ ಬಡ ಹಳ್ಳಿಗಳಿಗೆ. ಉಳಿದವರು ‘ಇಂಗ್ಲಿಷ್ ಬಂದರೆ ಮಕ್ಕಳಿಗೆ ಅನ್ನ’ ಎಂದುಕೊಂಡರು. ಮುಂದೆ ದೇಶ ಸ್ವತಂತ್ರವಾಯಿತು. 1937ರ ಸಂವಿಧಾನ ಐರಿಷನ್ನು ಮೊದಲನೆಯ ಅಧಿಕೃತ ಭಾಷೆ ಎಂದಿತು. 1972ರಲ್ಲಿ ಅದಕ್ಕೆ ಅದರದೇ ರೇಡಿಯೋ ಬಂತು. ಶಾಲೆಯಲ್ಲಿ ಎಲ್ಲರೂ ಕಲಿಯುತ್ತಾರೆ. ಬೀದಿಬೀದಿಯ ಹಲಗೆಯ ಮೇಲೆ ‘ಬೋಹರ್’ ಎಂದು ಬರೆದಿದೆ. ಆದರೂ ಅದನ್ನು ಮನೆಯ ಮಾತಾಗಿ ದಿನವೂ ಆಡುವ ಹಳ್ಳಿಗಳು ಹೆಚ್ಚಾಗಿ ಪಶ್ಚಿಮದ ಕಡಲಂಚಿನಲ್ಲಿ ಮಾತ್ರ ಉಳಿದಿವೆ. ಹಲಗೆಯ ಮೇಲೆ ಹಸು ಇದೆ. ಎಷ್ಟೋ ಮನೆಗಳಲ್ಲಿ ನಾಲಿಗೆಯ ಮೇಲೆ ಇಲ್ಲ.

ಕಾನೂನು, ಶಾಲೆ, ರೇಡಿಯೋ ಎಲ್ಲ ಇದ್ದ ಭಾಷೆಯ ಗತಿಯೇ ಹೀಗಾದರೆ, ನಮ್ಮ ಮನೆಮಾತಿಗೆ ಇಲ್ಲಿ ಮನೆ ಬಿಟ್ಟರೆ ಬೇರೆ ಯಾವ ಆಸರೆ? ಹಾಲಿನ ಪ್ಯಾಕೆಟ್ಟಿನ ಮೇಲೆ ‘ಆವಿನ್’ ಉಳಿಯುತ್ತದೆ, ಪುಲಿಮಾನ್‌ಕೊಂಬೈಯ ಕಲ್ಲಿನ ಮೇಲೆ ‘ಆಕೋಳ್’ ಉಳಿಯುತ್ತದೆ. ಅವನ್ನು ಕಾಯಲು ಸರ್ಕಾರ ಇದೆ. ನಿಮ್ಮ ಅಜ್ಜಿಯ ಬಾಯಲ್ಲಿರುವ ‘ಆವು’ ಎಂಬುದನ್ನು ಕಾಯಲು ನೀವು ಮಾತ್ರ ಇದ್ದೀರಿ.

ಅದಕ್ಕೆ ದೊಡ್ಡ ಕೆಲಸ ಏನೂ ಬೇಡ. ಇವತ್ತು ರಾತ್ರಿ ಊಟವಾದ ಮೇಲೆ ಮನೆಯ ಹಿರಿಯರ ಹತ್ತಿರ ಕೂತು ದನಕ್ಕೆ, ಕರುವಿಗೆ, ಹಗ್ಗಕ್ಕೆ, ಗೊಂತಿಗೆ, ಮೇವಿಗೆ, ಸಗಣಿಗೆ ನಮ್ಮ ಮನೆಯಲ್ಲಿ ಏನನ್ನುತ್ತಿದ್ದರು ಎಂದು ಕೇಳಿ. ಹೇಳಿದ್ದನ್ನು ಒಂದು ನೋಟುಬುಕ್ಕಿನಲ್ಲಿ ಬರೆದುಕೊಳ್ಳಿ. ಕನ್ನಡ ಅಕ್ಷರ ಬಾರದಿದ್ದರೆ ತಮಿಳು ಅಕ್ಷರದಲ್ಲೇ ಬರೆಯಿರಿ, ಅಕ್ಷರ ಯಾವುದಾದರೂ ಮಾತು ನಮ್ಮದೇ. ಮೊಬೈಲಿನಲ್ಲಿ ಅವರ ದನಿಯನ್ನು ಹಿಡಿದಿಟ್ಟರೆ ಇನ್ನೂ ಒಳ್ಳೆಯದು. ಮಗು ‘ಆವು’ ಅಂದರೆ ತಿದ್ದಬೇಡಿ. ‘ಶಾಲೆಯಲ್ಲಿ ಮಾಡು ಅನ್ನು, ಮೈಸೂರಿಗೆ ಹೋದರೆ ಹಸು ಅನ್ನು, ಮನೆಯಲ್ಲಿ ಆವು ಅನ್ನು, ಮೂರೂ ನಿನ್ನವೇ’ ಎಂದು ಹೇಳಿಕೊಡಿ. ಎರಡು ಭಾಷೆಯ ನಡುವೆ ಹುಟ್ಟಿದ ಮಗುವಿಗೆ ಮೂರು ಮಾತು ಭಾರವಲ್ಲ, ಆಸ್ತಿ.

ನಾಳೆ ಬೆಳಿಗ್ಗೆ ಹಾಲಿನ ಪ್ಯಾಕೆಟ್ ಕತ್ತರಿಸುವ ಮುಂಚೆ ಒಂದು ಕ್ಷಣ ಅದರ ಮೇಲಿನ ಹೆಸರನ್ನು ಮಗುವಿನ ಕೈಯಲ್ಲಿ ಓದಿಸಿ. ಅದು ಆವಿನ್ ಅನ್ನಲಿ. ನೀವು ಆವಿನ ಅನ್ನಿ. ಪಾಠ ಅಷ್ಟಕ್ಕೇ ಮುಗಿಯಿತು.

ಮತ್ತೊಂದು ಮಾತಿನೊಡನೆ ಮತ್ತೆ ಬರುತ್ತೇನೆ.